ಡಾಂಬರು ಯಾವ ಬಾಬತ್ತು?

ಕೋವಿಡ್ ಪರಿಹಾರದ ದುಡ್ಡಿನಲ್ಲಿ ಅಮೆರಿಕದ ಊರುಗಳು ಬೀದಿಗೆ ಡಾಂಬರು ಹಾಕಿಸಿಕೊಂಡವು ಎಂದು ಗೆಳೆಯರೊಬ್ಬರು ಹೇಳಿದಾಗ ನಾನು ಒಪ್ಪಲಿಲ್ಲ. ಒಪ್ಪದಿರಲು ಆಧಾರ ಎದುರಿಗೇ ಇತ್ತು. 2021ರ ಮಾರ್ಚ್ 11ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಅಮೆರಿಕನ್ ರೆಸ್ಕ್ಯೂ ಪ್ಲ್ಯಾನ್ ಕಾಯ್ದೆ ರಾಜ್ಯಗಳಿಗೆ, ಕೌಂಟಿಗಳಿಗೆ, ನಗರಗಳಿಗೆ, ಬುಡಕಟ್ಟು ಸರ್ಕಾರಗಳಿಗೆ ಒಟ್ಟು 35,000 ಕೋಟಿ ಡಾಲರ್ ಹಂಚಿತು. ಖರ್ಚಿಗೆ ತೋರಿಸಿದ ದಾರಿ ನಾಲ್ಕು: ಸೋಂಕು ಮತ್ತು ಅದು ತಂದ ಆರ್ಥಿಕ ಪೆಟ್ಟನ್ನು ಎದುರಿಸುವುದು, ಅಗತ್ಯ ಸೇವೆಯ ನೌಕರರಿಗೆ ಹೆಚ್ಚುವರಿ ವೇತನ, ಸರ್ಕಾರದ ಆದಾಯ ಕುಸಿದಷ್ಟು ಮಟ್ಟಿಗೆ ಸರ್ಕಾರಿ ಸೇವೆಗಳು, ಕೊನೆಗೆ ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್. ಎರಡು ಸಲ ಓದಿದೆ. ಆ ನಾಲ್ಕರಲ್ಲೂ ರಸ್ತೆ ಎಂಬ ಪದವಿಲ್ಲ.

ಪರಿಹಾರಕ್ಕೂ ರಸ್ತೆಗೂ ನಂಟಿರುವುದು ನಮಗೇನೂ ಹೊಸದಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಹಸಿದವರು ಕಾಮಗಾರಿಗಳಲ್ಲಿ ದುಡಿದು ಕೂಲಿ ಪಡೆದರು. ಬರಗಾಲದ ಕಾಮಗಾರಿ ಎಂಬ ಮಾತು ಇಂದಿಗೂ ನಮ್ಮ ಕಡತಗಳಲ್ಲಿ ಉಳಿದಿದೆ. ಆದರೆ ಅಲ್ಲಿ ಕಾಮಗಾರಿ ನೆಪ, ಕೂಲಿಯೇ ಪರಿಹಾರ. ಅಮೆರಿಕದ ಈ ಹಣ ಮಾತ್ರ ಸೀದಾ ಊರಿನ ಖಜಾನೆಗೆ ಬಿದ್ದಿತ್ತು. ಹಾಗಾದರೆ ಪರಿಹಾರ ಯಾರಿಗೆ, ಊರಿನ ಜನಕ್ಕೋ ಊರಿನ ಲೆಕ್ಕಪುಸ್ತಕಕ್ಕೋ? ನನ್ನ ಹುಡುಕಾಟ ಶುರುವಾದದ್ದು ಈ ಅನುಮಾನದಿಂದ.

ಅಮೆರಿಕದ ಕೇಂದ್ರ ಖಜಾನೆ ಇಲಾಖೆ ಊರೂರುಗಳ ಖರ್ಚಿನ ವರದಿಗಳನ್ನು ತೆರೆದಿಟ್ಟಿದೆ. ಕಾಮಗಾರಿಯ ಹೆಸರು, ಚುಟುಕು ವಿವರ, ಯಾವ ಬಾಬತ್ತು, ಎಷ್ಟು ಹಣಕ್ಕೆ ಕರಾರಾಯಿತು, ಎಷ್ಟು ಸಂದಾಯವಾಯಿತು ಎಲ್ಲವೂ ಅದರಲ್ಲಿವೆ. ನಾನು ಸಹಜವಾಗಿಯೇ ಮೂಲಸೌಕರ್ಯದ ಬಾಬತ್ತು ತೆರೆದೆ. ಕುಡಿಯುವ ನೀರು, ಕೊಳಚೆ ನೀರು, ಮಳೆ ನೀರು, ಬ್ರಾಡ್‌ಬ್ಯಾಂಡ್. ಬೀದಿಗೆಂದು ಒಂದು ಉಪಶೀರ್ಷಿಕೆಯೂ ಇಲ್ಲ. ಗೆಳೆಯರಿಗೆ ‘ನೋಡಿ, ನಾನೇ ಸರಿ’ ಎಂದು ಬರೆಯಲು ಹೊರಟವನು, ಯಾವುದಕ್ಕೂ ಇರಲಿ ಎಂದು ಬಾಬತ್ತಿನ ಹಂಗು ಬಿಟ್ಟು ಕಾಮಗಾರಿಗಳ ಹೆಸರನ್ನೇ ಹುಡುಕಿದೆ. ರಸ್ತೆಗಳು ಸಿಕ್ಕವು. ಮರುಡಾಂಬರೀಕರಣ, ಬಿರುಕು ತುಂಬುವುದು, ಪಾದಚಾರಿ ಮಾರ್ಗ. ಅವುಗಳ ಎದುರಿಗೆ ಮತ್ತೆ ಮತ್ತೆ ಕಂಡದ್ದು ಒಂದೇ ಸಂಖ್ಯೆ: 6.1, ಸರ್ಕಾರಿ ಸೇವೆ. ಅಂದರೆ ಕಾಯ್ದೆಯ ಮೂರನೆಯ ದಾರಿ.

ಕಾಯ್ದೆ ಹೇಳದ್ದನ್ನು ನಿಯಮ ಹೇಳಿರಬೇಕು ಎಂದುಕೊಂಡು, ಖಜಾನೆ ಇಲಾಖೆ 2021ರ ಮೇ ತಿಂಗಳಲ್ಲಿ ಹೊರಡಿಸಿದ ಮಧ್ಯಂತರ ನಿಯಮಕ್ಕೆ ಬಂದೆ. ಅಲ್ಲಿ ಗೊಂದಲ ಇನ್ನೂ ಹೆಚ್ಚಿತು. ಸಾಮಾನ್ಯ ಮೂಲಸೌಕರ್ಯದ ಕಾಮಗಾರಿ, ಸಾಂಕ್ರಾಮಿಕ ತಂದ ನಿರ್ದಿಷ್ಟ ತೊಂದರೆಗೆ ಉತ್ತರವಾಗಿಲ್ಲದಿದ್ದರೆ, ಸಾಧಾರಣವಾಗಿ ಸಲ್ಲದು ಎಂದು ಒಂದು ಕಡೆ ಹೇಳುತ್ತದೆ. ಅದೇ ನಿಯಮದ ಇನ್ನೊಂದು ಕಡೆ ಸರ್ಕಾರಿ ಸೇವೆಗಳ ಪಟ್ಟಿ ಕೊಡುವಾಗ ಮೂಲಸೌಕರ್ಯದ ನಿರ್ವಹಣೆ, ಸಾಲ ಮಾಡದೆ ಕೈಹಣದಿಂದ ಮಾಡುವ ಹೊಸ ನಿರ್ಮಾಣ ಎಂದು ಬರೆದು, ರಸ್ತೆಗಳನ್ನು ಹೆಸರಿಸಿಯೇ ಸೇರಿಸುತ್ತದೆ. ಇದು ಕರಡು ಬರೆದವರ ಅಜಾಗರೂಕತೆ ಎಂದು ಮೊದಲು ಅನ್ನಿಸಿತು. ಅಲ್ಲ. ಸಲ್ಲದು ಎಂದದ್ದು ಮೊದಲನೆಯ ದಾರಿಯ ಮಾತು, ಸಲ್ಲುತ್ತದೆ ಎಂದದ್ದು ಮೂರನೆಯ ದಾರಿಯದು. ಅದೇ ಗುಂಡಿ, ಅದೇ ಡಾಂಬರು. ಬಾಬತ್ತು ಬದಲಾದರೆ ಉತ್ತರವೂ ಬದಲು.

ಮೂರನೆಯ ದಾರಿ ಎಷ್ಟು ಅಗಲ? ಕಾಯ್ದೆಯ ಪ್ರಕಾರ, ಆದಾಯ ಕುಸಿದಷ್ಟು. ಕುಸಿತವನ್ನು ಅಳೆಯುವ ಸೂತ್ರದಲ್ಲಿ ನನ್ನ ಗಂಟು ಬಿಚ್ಚಿತು. ಸಾಂಕ್ರಾಮಿಕ ಬಾರದಿದ್ದರೆ ಆದಾಯ ಎಷ್ಟು ಬೆಳೆಯುತ್ತಿತ್ತು ಎಂದು ಊಹಿಸಿ, ನಿಜವಾಗಿ ಬಂದದ್ದನ್ನು ಅದರಿಂದ ಕಳೆಯಬೇಕು. ಊಹೆಯ ಬೆಳವಣಿಗೆ ವರ್ಷಕ್ಕೆ ಕನಿಷ್ಠ 4.1 ಶೇಕಡಾ; 2022ರ ಜನವರಿಯ ಅಂತಿಮ ನಿಯಮದಲ್ಲಿ ಅದು 5.2 ಆಯಿತು. ಹೋದ ವರ್ಷ 100 ಡಾಲರ್ ಆದಾಯವಿದ್ದ ಊರಿಗೆ ಈ ವರ್ಷ 103 ಬಂದರೆ ನಾವು ಲಾಭ ಎನ್ನುತ್ತೇವೆ. ಸೂತ್ರದ ಪ್ರಕಾರ 2.20 ಡಾಲರ್ ನಷ್ಟ! ಇದನ್ನು ಮೋಸವೆನ್ನಲಾರೆ, ಬೆಲೆ, ಸಂಬಳ ಏರುತ್ತಿರುವಾಗ ನಿಂತಲ್ಲೇ ನಿಂತ ಆದಾಯ ಹಿಂದೆ ಬಿದ್ದಂತೆಯೇ. ಆದರೂ ಆ ಬೀದಿಯ ಡಾಂಬರಿನ ಅಡಿಪಾಯ ಎಂದೂ ಬಾರದ ಆದಾಯವೊಂದರ ಅಂದಾಜು ಎಂಬುದನ್ನು ಮರೆಯಬಾರದು.

ಅಂತಿಮ ನಿಯಮ ಸೂತ್ರವನ್ನೂ ಐಚ್ಛಿಕ ಮಾಡಿತು. ಲೆಕ್ಕ ಹಾಕುವ ಗೋಜು ಬೇಡವೆಂದರೆ, ತನಗೆ ಬಂದ ಅನುದಾನವನ್ನು ಮೀರದಂತೆ 1 ಕೋಟಿ ಡಾಲರ್‌ವರೆಗೆ ಆದಾಯ ನಷ್ಟವಾಯಿತೆಂದು ಇಟ್ಟುಕೊಳ್ಳಬಹುದಿತ್ತು, ಪುರಾವೆ ಬೇಕಿರಲಿಲ್ಲ. ಸಾಮಾನ್ಯವಾಗಿ 50,000ಕ್ಕಿಂತ ಕಡಿಮೆ ಜನರಿರುವ ಸಣ್ಣ ಊರುಗಳ ಪಾಲಿಗೆಂದು ಒಟ್ಟು 1,953 ಕೋಟಿ ಡಾಲರ್ ಇತ್ತು. ಅನುದಾನವೇ 1 ಕೋಟಿ ಡಾಲರ್ ದಾಟದ ಊರಿಗೆ ಇಡೀ ಹಣ ‘ಸರ್ಕಾರಿ ಸೇವೆ’. ಬೀದಿ ರಿಪೇರಿಗಿಂತ ಕಣ್ಣಿಗೆ ಕಾಣುವ ಸರ್ಕಾರಿ ಸೇವೆ ಸಣ್ಣ ಊರಲ್ಲಿ ಇನ್ನೇನಿದೆ?

ಇಷ್ಟಕ್ಕೆ ಕಡತ ಮುಚ್ಚುವವನಿದ್ದೆ. ಆದರೆ 2022ರ ಡಿಸೆಂಬರ್ 29ರಂದು ಸಹಿಯಾದ ವೆಚ್ಚ ಕಾಯ್ದೆಯೊಂದು ಅಡ್ಡ ಬಂತು. ಅದು ಇದೇ ಹಣವನ್ನು ರಸ್ತೆ ಮತ್ತು ಸಾರಿಗೆ ಕಾಮಗಾರಿಗಳಿಗೂ ಬಳಸಲು ಹೊಸದಾಗಿ ಅನುಮತಿ ಕೊಟ್ಟಿತ್ತು. ಆಗಲೇ ಬಳಸುತ್ತಿದ್ದುದಕ್ಕೆ ಮತ್ತೆ ಅನುಮತಿ ಯಾಕೆ? ಹಿಂದಿನದು ಅಕ್ರಮವಿತ್ತೇ? ನನ್ನ ಓದಿನ ಮಟ್ಟಿಗೆ ಇಲ್ಲ. ಆದಾಯ ನಷ್ಟಕ್ಕಿಂತ ಅನುದಾನ ದೊಡ್ಡದಾಗಿದ್ದ ಊರುಗಳಿಗೆ ಮೂರನೆಯ ದಾರಿ ಅರ್ಧಕ್ಕೇ ಮುಗಿಯುತ್ತಿತ್ತು; ಹೊಸ ಬಾಗಿಲು ತೆರೆದದ್ದು ಅವರಿಗೆ. ಅದಕ್ಕೆ ಮಿತಿಯೂ ಇತ್ತು: 1 ಕೋಟಿ ಡಾಲರ್ ಅಥವಾ ಅನುದಾನದ 30 ಶೇಕಡಾ, ಯಾವುದು ಹೆಚ್ಚೋ ಅದು. ಜೊತೆಗೊಂದು ಷರತ್ತು: ಈ ಹಣ ಬೇರೆ ಹಣಕ್ಕೆ ಪೂರಕವಾಗಬೇಕು, ಅದರ ಜಾಗವನ್ನು ಕಬಳಿಸಬಾರದು. ಮೂರನೆಯ ದಾರಿಯ ಸಾಲಿನಲ್ಲಿ ಇಂಥ ಷರತ್ತು ಬರೆದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಈ ವ್ಯತ್ಯಾಸ. ಊರೊಂದು ಪ್ರತಿವರ್ಷ ತನ್ನ ತೆರಿಗೆಯಿಂದಲೇ ಹತ್ತು ಬೀದಿ ದುರಸ್ತಿ ಮಾಡುತ್ತಿತ್ತು ಅಂದುಕೊಳ್ಳಿ. ಈ ಸಲ ಅವೇ ಹತ್ತಕ್ಕೆ ಪರಿಹಾರದ ಹಣ ಕೊಟ್ಟು, ಉಳಿದ ತೆರಿಗೆಯನ್ನು ಪೊಲೀಸರ ಸಂಬಳಕ್ಕೆ ತಿರುಗಿಸಿತು. ವರದಿಯಲ್ಲಿ ‘ಬೀದಿ ದುರಸ್ತಿ’ ಎಂದಿರುವುದು ಸುಳ್ಳಲ್ಲ. ಆದರೆ ಪರಿಹಾರದಿಂದ ಹೆಚ್ಚಾಗಿ ಒಂದು ಗಜ ರಸ್ತೆಯೂ ಆಗಲಿಲ್ಲ. ಇದಕ್ಕೆ ತಿರುಗುಮುರುಗು ಸಹ ಸಾಧ್ಯ: ವರದಿಯಲ್ಲಿ ಸಂಬಳ, ನಿಜದಲ್ಲಿ ರಸ್ತೆ. ಎರಡು ಬಾವಿಯ ನೀರು ಒಂದೇ ಹಂಡೆಗೆ ಬಿದ್ದಮೇಲೆ ಯಾವ ಚೊಂಬು ಯಾವ ಬಾವಿಯದು?

ಹಾಗಾಗಿ ಗೆಳೆಯರಿಗೆ ಕೊನೆಗೆ ಬರೆದದ್ದು ಇಷ್ಟು. ಊರುಗಳು ಬೀದಿಗೆಂದು ಈ ಹಣ ತೋರಿಸಿದ್ದು ಖಚಿತ, ಅದು ನಿಯಮಬದ್ಧವೆಂಬುದೂ ಖಚಿತ, ನಾನು ತಪ್ಪಿದ್ದೆ. ಆ ಹಣ ಇಲ್ಲದಿದ್ದರೆ ಆ ಬೀದಿಗಳು ಗುಂಡಿಯಾಗಿಯೇ ಉಳಿಯುತ್ತಿದ್ದವು ಎಂಬುದನ್ನು ಮಾತ್ರ ವರದಿಗಳಿಂದ ಸಾಧಿಸಲಾಗದು. ಅದಕ್ಕೆ ಒಂದೊಂದು ಊರಿನ 2019ರ ಆಯವ್ಯಯವನ್ನು 2022ರದರ ಪಕ್ಕ ಇಟ್ಟು, ರಸ್ತೆಯ ಬಾಬತ್ತಿನಲ್ಲಿ ಊರಿನ ಸ್ವಂತ ಹಣ ಕಡಿಮೆಯಾಯಿತೇ ಎಂದು ನೋಡಬೇಕು. ನಗರ ಸಭೆಗಳ ಆಯವ್ಯಯ ಅಲ್ಲಿ ಸಾರ್ವಜನಿಕ ದಾಖಲೆ. ನಿಮ್ಮ ಮಗಳೋ ತಮ್ಮನೋ ಅಂಥ ಊರಲ್ಲಿದ್ದರೆ, ತಮ್ಮೂರಿನ ಆ ಎರಡು ವರ್ಷಗಳ ಪುಟ ಕಳಿಸಿಕೊಡಲು ಹೇಳಿ.