ಪಾಸಿಂಗ್ ಎಲ್ಲೀದು?

ಬ್ಯಾಂಕಿನಲ್ಲಿ ವಾಹನಸಾಲದ ಕಡತ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಗಾಡಿಯ ನಂಬರಿಗೆ. ನಮ್ಮ ಕಡೆ 'ಪಾಸಿಂಗ್ ಎಲ್ಲೀದು?' ಎಂದರೆ ನಂಬರು ಯಾವ ಊರಿನದು ಎಂದರ್ಥ. ತಾಮ್ರಪರ್ಣಿ ದಂಡೆಯ ನಮ್ಮ ಕೋವಾಡದಲ್ಲಿ ಅದು ಎಂಎಚ್-09, ಅಂದರೆ ಕೊಲ್ಹಾಪುರ. ದವಾಖಾನೆಗೆ, ಬಜಾರಕ್ಕೆ ನಾವು ಹೋಗುವುದು ಮಾತ್ರ ಬೆಳಗಾವಿಗೆ. ಅಲ್ಲಿಯದು ಕೆಎ-22.

ಮೊದಲು ಹೀಗಿರಲಿಲ್ಲ. 1939ರ ಮೋಟಾರು ವಾಹನ ಕಾಯಿದೆ ಪ್ರಾಂತಗಳಿಗೆ ಅಕ್ಷರಗಳನ್ನು ಹಂಚಿದಾಗ ಚಂದಗಡ ಸೀಮೆ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರಿಗೆ ಹೋಯಿತು, ಚಂದಗಡ ಮಾತ್ರ ಈಚೆ ಉಳಿಯಿತು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ಅಲ್ಲಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ತಮಾಷೆ ನೋಡಿ: 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟರೂ ಗಾಡಿಗಳ ಮೇಲೆ ಕೆಎ ಆಗಲೇ ಬರಲಿಲ್ಲ. 1988ರ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದ ಮೇಲೆಯೇ ಕೆಎ ಬಂದದ್ದು. ಕಾಸರಗೋಡಿಗೆ ಕೆಎಲ್-14 ಸಿಕ್ಕಿದ್ದೂ ಆ ಪದ್ಧತಿಯಲ್ಲೇ.

ಬೆಳಗಾವಿಗೆ ಕೊಟ್ಟ ತಂಗಿಗೆ ನಾವು ಒಂದು ಸ್ಕೂಟಿ ಕೊಟ್ಟೆವು. ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ 47ನೆಯ ಕಲಮಿನಂತೆ ಹೊಸ ನಂಬರು ಪಡೆಯಬೇಕು. ಅದಕ್ಕೆ ನಿರಾಕ್ಷೇಪಣಾ ಪತ್ರ, ಅಲ್ಲಿಯ ತೆರಿಗೆ ಎಲ್ಲ ಆಯಿತು. "ಅಣ್ಣಾ, ನನ್ನ ಅಡ್ಡಹೆಸರೂ ಬದಲಾತು, ಗಾಡೀದೂ ಬದಲಾತು" ಎಂದು ನಕ್ಕಳು. 2021ರಲ್ಲಿ ಬಂದ ಬಿಎಚ್ ನಂಬರಿಗೆ ಈ ತೊಡಕಿಲ್ಲ. ಆದರೆ ಅದು ಸರಕಾರಿ ನೌಕರರಿಗೆ, ನಾಲ್ಕು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳವರಿಗೆ. ಗಡಿಯ ರೈತನಿಗೆ ಅದರಿಂದ ಏನು ಬಂತು?

ದಕ್ಷಿಣ ಅಮೆರಿಕದಲ್ಲಿ ಅರ್ಜೆಂಟೀನ 2016ರಲ್ಲಿ, ಬ್ರೆಜಿಲ್ 2018ರಲ್ಲಿ ಮರ್ಕೋಸೂರ್ ಒಕ್ಕೂಟದ ಒಂದೇ ಮಾದರಿಯ ಫಲಕಕ್ಕೆ ಬಂದವು. ಬ್ರೆಜಿಲಿನ ಹಳೆಯ ಫಲಕದಲ್ಲಿ ಊರಿನ ಹೆಸರೇ ಇರುತ್ತಿತ್ತು. ಹೊಸದರಲ್ಲಿ ಅದನ್ನು ಬಿಟ್ಟರು. ಬೇರೆ ಬೇರೆ ದೇಶಗಳೇ ಹೀಗೆ ಮಾಡಿವೆ.

ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಬಳಿ ಎಂಎಚ್ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ವಾರವೇ ನಾನು ತಂಗಿಯ ಮನೆಗೆ ಹೋಗಬೇಕಿತ್ತು. "ನಿನ್ನ ಗಾಡಿ ತರಬ್ಯಾಡ, ಗಡಿತನಕಾ ನಾನ ಬರ್ತೀನಿ" ಎಂದು ಫೋನು ಮಾಡಿದಳು. ನಾವೇ ಕೊಟ್ಟ ಸ್ಕೂಟಿ ತಂದಿದ್ದಳು. ಮುಂದೆ ಕೆಎ-22. ಹಿಂದೆ ಕೂತು ಬೆಳಗಾವಿಗೆ ಹೋದೆ. ದಾರಿಯಲ್ಲಿ ಯಾರೂ ತಡೆಯಲಿಲ್ಲ.