'ರಾಂಚ್' ಎಂಬ ಮಾತಿನ ಹಿಂದೆ



ಇಂಗ್ಲಿಷ್ ಸಿನಿಮಾದಲ್ಲಿ ಕುದುರೆ ಹತ್ತಿ ದನದ ಹಿಂಡು ಹೊಡೆದುಕೊಂಡು ಹೋಗುವವರನ್ನು ನೀವು ನೋಡಿರಬಹುದು. ಅಮೆರಿಕದಲ್ಲಿ ಅಂಥ ದನ ಸಾಕುವ ದೊಡ್ಡ ಜಮೀನಿಗೆ ರಾಂಚ್ ಎನ್ನುತ್ತಾರೆ.

ಇದು ಸ್ಪ್ಯಾನಿಷ್ ಭಾಷೆಯ 'ರಾಂಚೊ' ಎಂಬುದರಿಂದ ಬಂದ ಮಾತು. ಸಿಪಾಯಿಗಳು ಒಟ್ಟಿಗೆ ಕೂತು ಉಣ್ಣುವ ಊಟ ಎಂಬುದು ಅದರ ಹಳೇ ಅರ್ಥ. ಬರಬರುತ್ತಾ ಗುಡಿಸಲಿಗೆ, ಮೆಕ್ಸಿಕೊ ಸೀಮೆಯಲ್ಲಿ ದನ ಸಾಕುವ ಜಮೀನಿಗೆ ಆ ಹೆಸರು ನಿಂತಿತು. 1848ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಸೇರಿದಾಗ ಅಲ್ಲಿ ಸಾವಿರಾರು ಎಕರೆಯ ರಾಂಚೊಗಳಿದ್ದವು.

1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನವರು ಬೇಲಿಯಿಲ್ಲದ ಬಯಲಲ್ಲಿ ದನ ಮೇಯಿಸುತ್ತಾ ರೈಲು ಇರುವ ಕಡೆಗೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದರು. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಅಲ್ಲಿಂದಾಚೆಗೆ ಬಯಲಿಗೆ ಬೇಲಿ ಬೀಳುತ್ತಾ ಹೋಯಿತು. ನೀರಿರುವ ಜಾಗ ಉಳ್ಳವರ ಬೇಲಿಯೊಳಗೆ ಸೇರಿದರೆ ಬಡವನ ದನದ ಗತಿ ಏನು? 1883ರಲ್ಲಿ ಟೆಕ್ಸಾಸಿನಲ್ಲಿ ರಾತ್ರೋರಾತ್ರಿ ತಂತಿ ಕತ್ತರಿಸಿ ಹೊಡೆದಾಟಗಳೇ ಆದವು.

ಈಗ ಅಲ್ಲಿ ಒಂದೇ ಅಂತಸ್ತಿನ ಉದ್ದನೆಯ ಮನೆಗೂ ರಾಂಚ್ ಎನ್ನುತ್ತಾರೆ. ಮಜ್ಜಿಗೆ, ಬೆಳ್ಳುಳ್ಳಿ ಹಾಕಿ ಮಾಡುವ, ತರಕಾರಿ ಅದ್ದಿ ತಿನ್ನುವ ಗೊಜ್ಜಿಗೂ ಅದೇ ಹೆಸರು. ಊಟದಿಂದ ಹೊರಟ ಮಾತು ಮತ್ತೆ ಊಟಕ್ಕೇ ಬಂತು ನೋಡಿ!

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲಿಗೆ 'ಕಾವಲು' ಎಂದು ಹೆಸರು. ಕಾಯುವ ಕೆಲಸವೂ ಕಾವಲೇ. ಊರಿನ ದನಗಳಿಗೆಂದು ಬಿಟ್ಟದ್ದು ಗೋಮಾಳ. ಎರಡೂ ಕಡೆ ಒತ್ತುವರಿಯಾಗಿ ಮೇವಿನ ಜಾಗ ಕಡಿಮೆಯಾಗಿರುವುದು ತಮಗೆಲ್ಲ ಗೊತ್ತೇ ಇದೆ. ಹಸು ಕಟ್ಟಿದ ಪ್ರತಿಯೊಬ್ಬ ಸದಸ್ಯರೂ ತಮ್ಮೂರಿನ ಗೋಮಾಳದ ಗಡಿಕಲ್ಲು ಎಲ್ಲಿದೆ ಎಂದು ಒಮ್ಮೆ ಹೋಗಿ ನೋಡಿ ಬರಬೇಕೆಂದು ನನ್ನ ಕಳಕಳಿಯ ಮನವಿ.