ನಲವತ್ತು ಪಾಲಿನ ಬಿಚ್ಚಾಣಿಕೆ ಮನೆ

ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದಲ್ಲಿಯೂ ಬೊಂಬೆಗಳ ಚನ್ನಪಟ್ಟಣದಲ್ಲಿಯೂ ಮುಸ್ಲಿಂ ಕುಟುಂಬಗಳ ಆಸ್ತಿಯೆಂದರೆ ಬಹುಮಟ್ಟಿಗೆ ಮನೆ ಮತ್ತು ಕಸುಬು. ರೇಷ್ಮೆ ಬಿಚ್ಚಾಣಿಕೆಯ ಘಟಕವನ್ನಾಗಲಿ ಅರಗು ಬಣ್ಣದ ಪಟ್ಟಡಿಯನ್ನಾಗಲಿ ಹೊಲದಂತೆ ಬದು ಹಾಕಿ ಹಂಚಲಾಗದು. ಹಿಂದೂ ಮಿತಾಕ್ಷರ ಪದ್ಧತಿಯಲ್ಲಿರುವಂತೆ ಮುಸ್ಲಿಂ ವಾರಸಾ ಕಾನೂನಿನಲ್ಲಿ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ಯಜಮಾನ ತೀರಿಕೊಂಡ ಮೇಲೆ ಅಂತ್ಯಕ್ರಿಯೆಯ ವೆಚ್ಚ, ಬಾಕಿಯಿರುವ ಮಹರ್ (ಹೆಂಡತಿಗೆ ಸಲ್ಲಬೇಕಾದ ವಿವಾಹಧನ) ಸೇರಿದಂತೆ ಸಾಲಗಳು, ಮೂರನೆಯ ಒಂದು ಭಾಗವನ್ನು ಮೀರದ ವಸೀಯತ್ ಅಥವಾ ಉಯಿಲು ಕಳೆದು ಉಳಿದದ್ದಷ್ಟೇ ಪಾಲಿಗೆ ಬರುತ್ತದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಮಾತ್ರ ವಾರಸುದಾರರಾಗಿದ್ದರೆ ಆಸ್ತಿಯನ್ನು 40 ಪಾಲೆಂದು ಎಣಿಸಿ ಹೆಂಡತಿಗೆ 5, ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7 ಕೊಡಬೇಕು. ಲೆಕ್ಕ ಸುಲಭ, ಗೂಡು ಬೇಯಿಸುವ ಒಂದೇ ಬಿಸಿನೀರಿನ ತೊಟ್ಟಿಯನ್ನು ನಲವತ್ತಾಗಿಸುವುದೇ ಕಷ್ಟ. ಹೀಗಾಗಿ ಒಬ್ಬರು ಘಟಕವನ್ನು ಉಳಿಸಿಕೊಂಡು ಉಳಿದವರಿಗೆ ಹಣ ಕೊಡುವ ರಾಜಿಯೇ ನ್ಯಾಯಾಲಯದ ವಿಭಾಗ ದಾವೆಗಿಂತ ವಿವೇಕದ ದಾರಿ. ಈ ಪಾಲಿನ ನಿಯಮಗಳನ್ನು ಮುಸ್ಲಿಮರಿಗೆ ಅನ್ವಯಿಸುವ 1937ರ ಶರೀಯತ್ ಕಾಯ್ದೆ ಮೊದಲಿಗೆ ಈ ಊರುಗಳಿದ್ದ ಮೈಸೂರು ಸಂಸ್ಥಾನಕ್ಕೆ ಅನ್ವಯಿಸಿರಲಿಲ್ಲ. 1959ರ ವಿಸ್ತರಣಾ ಕಾಯ್ದೆಯ ಮೂಲಕ ಅದು ಈ ಸೀಮೆಗೆ ಬಂದಾಗಲೂ ಅದರ ಎರಡನೆಯ ಕಲಮು ಕೃಷಿ ಭೂಮಿಯನ್ನು ಹೊರಗೇ ಇಟ್ಟಿತ್ತು.